ಎಡಕ್ಕೆ ಒಂದು, ಬಲಕ್ಕೆ ಎರಡು

ಆರ್ವಲ್ ಟೀಗ್ ತೀರಿಕೊಂಡ ಒಂಬತ್ತನೇ ವಾರಕ್ಕೆ ಅವನ ಬೈನಾಕ್ಯುಲರಿಗೆ ಒಂದು ಗಾಜಿನ ಪೆಟ್ಟಿಗೆ ತಯಾರಾಗಿ ಬಂತು. ಮಾಡಿಸಿದವನು ಸ್ಲೇಟರ್ ಬಾಟಮ್ ಡ್ರ್ಯಾಗ್ ರೇಸ್ ಟ್ರ್ಯಾಕಿನ ಮಾಲೀಕ ಎಮೆಟ್ ಸ್ಲೇಟರ್. ವಾಲ್‌ನಟ್ ಮರದ ಚೌಕಟ್ಟು, ಒಳಗೆ ಹಸಿರು ಮಖಮಲ್ಲು, ಕೆಳಗೆ ಹಿತ್ತಾಳೆಯ ಫಲಕ. ಫಲಕದ ಮೇಲೆ ಕೆತ್ತಿಸಿದ್ದು ಹೀಗೆ: 'ಏನನ್ನೂ ಕಾಣದೆ ಬಿಡದ ಕಣ್ಣುಗಳು. ಆರ್ವಲ್ ಟೀಗ್, ಮೂವತ್ತಾರು ವರ್ಷ ಈ ಟ್ರ್ಯಾಕಿನ ದನಿ.'

ಲೊರೀನ್ ಕ್ಲೆಮ್ ಅದನ್ನು ಎರಡು ಸಲ ಓದಿಕೊಂಡಳು. ಇಪ್ಪತ್ತೆರಡು ವರ್ಷ ಆರ್ವಲ್‌ನ ಪಕ್ಕದ ಕುರ್ಚಿಯಲ್ಲಿ ಕೂತು ಕಾರುಗಳ ಟೈಮು ನೋಡಿಕೊಂಡವಳು ಅವಳೇ.

"ಹೇಗಿದೆ?" ಎಂದ ಎಮೆಟ್.

"ಮರ ಚೆನ್ನಾಗಿದೆ."

"ಅಷ್ಟೇನಾ?"

"ಮೊಳೇನೂ ನೆಟ್ಟಗೆ ಹೊಡ್ಸಿದ್ದೀಯ."

"ಶನಿವಾರ ಮಧ್ಯಾಹ್ನ, ಮೊದಲ್ನೇ ರೇಸಿಗೆ ಮುಂಚೆ, ನೀನೇ ಬಟ್ಟೆ ಸರಿಸಿ ಇದನ್ನ ಮೈಕಲ್ಲಿ ಓದ್ಬೇಕು. ಬೇರೆ ಯಾರು ಓದಿದ್ರೂ ಜನ ಒಪ್ಪಲ್ಲ."

"ನಾನು ಇವತ್ತಿನವರೆಗೂ ಮೈಕ್ ಮುಟ್ಟಿದೋಳಲ್ಲ, ಎಮೆಟ್."

"ಭಾಷಣ ಮಾಡು ಅಂದ್ನಾ? ಎರಡು ಸಾಲು ಓದು ಅಂದೆ. ಓದಕ್ಕೆ ಬರತ್ತೆ ತಾನೆ?"

ಓದಲೇನೋ ಬರುತ್ತಿತ್ತು. ಬಾಯಿ ಬರಬೇಕಲ್ಲ! ಆ ಕಣ್ಣುಗಳು ಕೊನೆಯ ನಾಲ್ಕು ಸೀಸನ್ನುಗಳಲ್ಲಿ ಟ್ರ್ಯಾಕಿನ ಮೇಲೆ ಒಂದೇ ಒಂದು ಕಾರನ್ನೂ ಕಂಡಿರಲಿಲ್ಲ. ಈ ಸಂಗತಿ ಗೊತ್ತಿದ್ದವರು, ಕಣ್ಣಿನ ಡಾಕ್ಟರನ್ನು ಬಿಟ್ಟರೆ, ಇಡೀ ಊರಿನಲ್ಲಿ ಇಬ್ಬರೇ ಎಂದು ಲೊರೀನ್ ನಂಬಿದ್ದಳು. ಅವರಲ್ಲಿ ಒಬ್ಬನನ್ನು ಫೆಬ್ರವರಿಯಲ್ಲಿ ಹೂಳಿ ಬಂದಿದ್ದರು. ಉಳಿದವಳು ಈಗ ಐನೂರು ಜನರೆದುರು ನಿಂತು ಅದೇ ಕಣ್ಣುಗಳನ್ನು ಹೊಗಳಬೇಕಿತ್ತು. ಓದಿದರೆ ಶುದ್ಧ ಸುಳ್ಳು. ಓದದೆ ನಿಜ ಹೇಳಿದರೆ, ಸತ್ತವನು ನಾಲ್ಕು ವರ್ಷ ಊರಿನ ಕಣ್ಣಿಗೆ ಮಣ್ಣೆರಚಿದ ಎಂದಾಗುತ್ತದೆ. ಅಂದಿನಿಂದ ಶನಿವಾರದವರೆಗೆ ಲೊರೀನ್‌ಗೆ ಊಟ ರುಚಿಸಲಿಲ್ಲ.

ಆರ್ವಲ್ ಹುಟ್ಟಾ ಮಾತುಗಾರನೇನಲ್ಲ. ಅವನ ಕಸುಬು ಸ್ಕೂಲ್ ಬಸ್ಸು ಓಡಿಸುವುದು. ಹದಿನಾಲ್ಕನೇ ನಂಬರಿನ ಹಳದಿ ಬಸ್ಸು, ಇಂಡಿಯಾನಾದ ದಕ್ಷಿಣದ ನದಿತಗ್ಗಿನಲ್ಲಿ ಮೆಕ್ಕೆಜೋಳದ ಹೊಲಗಳ ನಡುವಿನ ಹನ್ನೊಂದು ಮೈಲಿ ದಾರಿ. ಬಸ್ಸಿನಲ್ಲಿ ಅವನ ಬಾಯಿಂದ ಬರುತ್ತಿದ್ದದ್ದು ಎರಡೇ ಮಾತು: 'ಕೂತ್ಕೋ', 'ಇಳ್ಕೋ'. ಆದರೆ ಯಾವ ಹುಡುಗ ಯಾವ ಸೀಟಿನಲ್ಲಿ ಕೂರುತ್ತಾನೆ, ಯಾರ ಮನೆಯ ನಾಯಿ ಬಸ್ಸನ್ನು ಅಟ್ಟಿಸಿಕೊಂಡು ಬರುತ್ತದೆ, ಯಾವ ಹುಡುಗಿ ಅಮ್ಮನ ಮೇಲೆ ಮುನಿಸಿಕೊಂಡು ಬಂದಿದ್ದಾಳೆ, ಎಲ್ಲ ಅವನ ತಲೆಯಲ್ಲಿ ಅಚ್ಚೊತ್ತಿದಂತೆ ಇರುತ್ತಿತ್ತು.

ಮೈಕು ಅವನ ಕೈಗೆ ಬಂದದ್ದು ಒಂದು ಜಗಳದ ಪುಣ್ಯದಿಂದ. ಆಗಿನ ಅನೌನ್ಸರ್ ಎಮೆಟ್‌ನ ಅಪ್ಪನ ಜೊತೆ ಜಟಾಪಟಿ ಮಾಡಿಕೊಂಡು, ರೇಸಿನ ನಡುವೆಯೇ ಮೈಕನ್ನು ಮೇಜಿನ ಮೇಲೆ ಕುಕ್ಕಿ ಹೊರಟುಹೋದ. ಹಂದಿಮಾಂಸದ ಸ್ಯಾಂಡ್‌ವಿಚ್ಚಿಗೆ ಸಾಲಿನಲ್ಲಿ ನಿಂತಿದ್ದ ಆರ್ವಲ್‌ನನ್ನು ನಾಲ್ಕು ಜನ ಸೇರಿ ಅನೌನ್ಸರ್ ಕೂರುವ ಟವರಿನ ಮೆಟ್ಟಿಲು ಹತ್ತಿಸಿದರು. ಕಾರಣ ಇಷ್ಟೇ, ಅವನಿಗೆ ಎಲ್ಲರ ಹೆಸರೂ ಗೊತ್ತಿತ್ತು. ಎಂಜಿನ್ನಿನ ವಿಷಯದಲ್ಲಿ ಅವನದು ಸೊನ್ನೆ. ಸ್ಯಾಂಡ್‌ವಿಚ್ಚನ್ನು ಒಂದು ಕೈಯಲ್ಲೇ ಹಿಡಿದುಕೊಂಡು ಅವನು ಮೈಕಿನಲ್ಲಿ ಆಡಿದ ಮೊದಲ ಮಾತು: "ಬಲಗಡೆ ನಿಂತಿರೋದು ಹಾಬ್ಸನ್ ಮನೆ ಎರಡನೇ ಹುಡುಗ. ಬಸ್ಸಲ್ಲಿ ಆರನೇ ಸೀಟು. ಹತ್ತು ವರ್ಷದಲ್ಲಿ ಒಂದಿನಾನೂ ಬಸ್ ಸ್ಟಾಪಿಗೆ ಟೈಮಿಗೆ ಬಂದೋನಲ್ಲ. ಇವತ್ತು ಹೇಗೆ ಹೊರಡ್ತಾನೋ ನೋಡೇಬಿಡೋಣ." ಜನ ಬಿದ್ದು ಬಿದ್ದು ನಕ್ಕರು. ಆ ಹುಡುಗನೂ ಹೆಲ್ಮೆಟ್ಟಿನೊಳಗೆ ನಗುತ್ತಾ ಹಸಿರು ದೀಪ ಬಿದ್ದದ್ದನ್ನೇ ನೋಡಲಿಲ್ಲ, ಸೋತ.

ಅದಾದ ಮೇಲೆ ಮೂವತ್ತಾರು ವರ್ಷ ಆ ಕುರ್ಚಿಯನ್ನು ಬೇರೆ ಯಾರೂ ಕೇಳಲಿಲ್ಲ.

ಸ್ಲೇಟರ್ ಬಾಟಮ್‌ನ ರೇಸು ದೊಡ್ಡವರ ರೇಸಲ್ಲ. ಎರಡು ಲೇನು, ಮೈಲಿಯ ಎಂಟನೇ ಒಂದು ಭಾಗದಷ್ಟು ನೇರ ದಾರಿ, ಆರೇಳು ಸೆಕೆಂಡಿನ ಆಟ. ತನ್ನ ಕಾರು ಎಷ್ಟು ಸೆಕೆಂಡಿನಲ್ಲಿ ಓಡುತ್ತದೆಂದು ಪ್ರತಿಯೊಬ್ಬರೂ ಮೊದಲೇ ಬಿಳಿ ಬೂಟ್ ಪಾಲಿಶ್‌ನಲ್ಲಿ ಗಾಜಿನ ಮೇಲೆ ಬರೆದುಕೊಳ್ಳುತ್ತಾರೆ. ನಿಧಾನದ ಕಾರಿಗೆ ಎಷ್ಟು ಸೆಕೆಂಡು ವ್ಯತ್ಯಾಸವೋ ಅಷ್ಟು ಮುಂಚೆ ಹಸಿರು ದೀಪ. ತಾನು ಬರೆದದ್ದಕ್ಕಿಂತ ಬೇಗ ಓಡಿದವನಿಗೂ ಸೋಲೇ. ಹೀಗಾಗಿ ಅಜ್ಜಿಯ ಕಾಲದ ಪಿಕಪ್ ಗಾಡಿಯೂ ಹೊಸ ಕಾರನ್ನು ಹೊಡೆದುಹಾಕಬಹುದು. ಓಟ ಮುಗಿಯುವ ಗೆರೆಯ ಆಚೆ ಗೆದ್ದ ಲೇನಿನ ಮೇಲೆ ಒಂದು ದೀಪ ಹತ್ತುತ್ತದೆ. ಅದನ್ನು ನೋಡಿ ಅನೌನ್ಸರ್ ಹೆಸರು ಕೂಗಬೇಕು.

ಆರ್ವಲ್ ಮಾತ್ರ ಸೋತವರ ಹೆಸರನ್ನೇ ಮೊದಲು ಕೂಗುತ್ತಿದ್ದ. "ಸೋತು ಬರ್ತಾ ಇರೋದು..." ಎಂದು ಶುರು ಮಾಡಿ, ಆ ಮನುಷ್ಯನ ಊರು, ಕೆಲಸ, ಹೋದ ವಾರ ಹೆರಿಗೆಯಾದ ಹೆಂಡತಿ, ಹೊಸದಾಗಿ ಹಾಕಿಸಿಕೊಂಡ ಹಲ್ಲು, ಏನಾದರೊಂದು ಒಳ್ಳೆಯ ಮಾತು ಸೇರಿಸಿ, ಆಮೇಲೆ ಗೆದ್ದವರ ಹೆಸರು. ಯಾಕೆ ಹೀಗೆ ಎಂದು ಲೊರೀನ್ ಒಮ್ಮೆ ಕೇಳಿದ್ದಳು.

"ಗೆದ್ದೋನಿಗೆ ಕೂಗೋಕೆ ಅವನ ಮನೆಯವರಿದ್ದಾರೆ," ಎಂದಿದ್ದ. "ಸೋತೋನು ಆ ಪಕ್ಕದ ದಾರೀಲಿ ಕಿಟಕಿ ಇಳಿಸ್ಕೊಂಡು ಒಬ್ಬನೇ ವಾಪಸ್ ಬರ್ತಿರ್ತಾನೆ. ಆ ದಾರಿ ಉದ್ದ ಜಾಸ್ತಿ ಕಣೇ. ಅಷ್ಟೊತ್ತಿಗೆ ಅವನ ಹೆಸರು ಒಂದ್ಸಲ ಕಿವಿಗೆ ಬೀಳ್ಲಿ."

ಇಂಥವನ ಕಣ್ಣಿನ ನಟ್ಟನಡುವೆ ಅರವತ್ತೆಂಟನೇ ವಯಸ್ಸಿನಲ್ಲಿ ಒಂದು ಬೂದು ಕಲೆ ಬಂದು ಕೂತಿತು. ಅಂಚಿನಲ್ಲಿ ಅಷ್ಟಿಷ್ಟು ಕಾಣುತ್ತಿದ್ದುದರಿಂದ ನಡೆಯಲು, ಮೆಟ್ಟಿಲು ಹತ್ತಲು ತೊಂದರೆಯಿರಲಿಲ್ಲ. ನೆಟ್ಟಗೆ ನೋಡಿದ್ದು ಮಾತ್ರ ಮಾಯ. ಡಾಕ್ಟರು ಹೇಳಿದ ದಿನವೇ ಆರ್ವಲ್ ಸೀದಾ ಶಾಲೆಗೆ ಹೋಗಿ ಬಸ್ಸಿನ ಕೀಲಿ ಒಪ್ಪಿಸಿಬಿಟ್ಟ. ಮಂಡಿನೋವು ಎಂದ. ಅಷ್ಟರಮಟ್ಟಿಗೆ ಪ್ರಾಮಾಣಿಕ, ಮಕ್ಕಳನ್ನು ಹತ್ತಿಸಿಕೊಂಡು ಒಂದು ಗಜವೂ ಮುಂದೆ ಓಡಿಸಲಿಲ್ಲ.

ಮೈಕನ್ನು ಒಪ್ಪಿಸಲು ಮಾತ್ರ ಅವನಿಂದ ಆಗಲಿಲ್ಲ. ಅದಕ್ಕೆ ಅವನನ್ನು ಬೈಯುವವರು ಬೈಯಲಿ. ಹೆಂಡತಿ ಸತ್ತು ಎಂಟು ವರ್ಷವಾಗಿತ್ತು, ಬಸ್ಸು ಹೋಗಿತ್ತು, ಅವನಿಗೆ ವಾರದಲ್ಲಿ ಉಳಿದಿದ್ದದ್ದು ಶನಿವಾರ ಒಂದೇ. ಅನೌನ್ಸರ್ ಕಣ್ಣು ಮುಚ್ಚಿಕೊಂಡರೂ ಯಾರ ಪ್ರಾಣಕ್ಕೂ ಅಪಾಯವಿಲ್ಲ. ದೀಪ, ದಾರಿ, ಬ್ರೇಕು ಎಲ್ಲ ನೋಡಿಕೊಳ್ಳಲು ಕೆಳಗೆ ಬೇರೆ ಜನರಿರುತ್ತಾರೆ.

"ಲೊರೀನ್, ನನಗೆ ಕಾಣ್ತಿಲ್ಲ," ಎಂದ ಆ ಏಪ್ರಿಲ್‌ನ ಮೊದಲ ಶನಿವಾರ, ಮೈಕ್ ಆಫ್ ಇದ್ದಾಗ.

"ಕನ್ನಡಕ ಒರೆಸ್ಕೋ."

"ಒರೆಸೋ ಥರದ್ದಲ್ಲ ಇದು."

ಅವಳು ಅವನ ಮುಖ ನೋಡಿದಳು. ಅವನು ಅವಳ ಕಿವಿಯ ಪಕ್ಕದ ಗೋಡೆಯನ್ನು ನೋಡುತ್ತಿದ್ದ. ಎಡ ಲೇನು ಗೆದ್ದರೆ ಮೊಣಕೈಗೆ ಒಂದು ಸಲ, ಬಲ ಲೇನು ಗೆದ್ದರೆ ಎರಡು ಸಲ ಬೆರಳಲ್ಲಿ ತಟ್ಟುತ್ತೇನೆ ಎಂದಳು. ಯಾವ ಲೇನಿನಲ್ಲಿ ಯಾರು ನಿಂತಿದ್ದಾರೆಂದು ಮೊದಲೇ ಕಿವಿಯಲ್ಲಿ ಹೇಳುತ್ತೇನೆ ಎಂದಳು. ಅವನು ಯಾರಿಗೂ ಹೇಳಬಾರದೆಂದು ಮಾತು ತೆಗೆದುಕೊಂಡ. ಆ ವಾರದಿಂದ ಪೆಟ್ರೋಲ್ ಉಳಿಸುವ ನೆಪ ಹೇಳಿ ಅವಳೇ ಅವನನ್ನು ತನ್ನ ಕಾರಿನಲ್ಲಿ ಕರೆತಂದು ಬಿಡತೊಡಗಿದಳು.

ಕಾರುಗಳನ್ನು ಗುರುತಿಸುವುದು ಅವನಿಗೆ ಕಷ್ಟವಾಗಲಿಲ್ಲ. ಎಂಜಿನ್ ಕೆಮ್ಮಿದ ಕೂಡಲೇ ಇದು ಇಂಥವರದು ಎನ್ನುತ್ತಿದ್ದ. ಆದರೆ ಗದ್ದಲದಲ್ಲಿ ಮೂವತ್ತು ವರ್ಷ ಕಳೆದು ಎಡಗಿವಿ ಎಂದೋ ಮುಚ್ಚಿಹೋಗಿತ್ತು. ಒಂದೇ ಕಿವಿಯವನಿಗೆ ಸದ್ದು ಕೇಳುತ್ತದೆ, ಅದು ಎಡದಿಂದ ಬಂತೋ ಬಲದಿಂದಲೋ ತಿಳಿಯುವುದಿಲ್ಲ. ಲೊರೀನ್‌ಳ ಪಿಸುಮಾತಿಲ್ಲದೆ ಅವನ ಆಟ ನಡೆಯುತ್ತಿರಲಿಲ್ಲ. ಹಾಗೆಂದು ಬೈನಾಕ್ಯುಲರನ್ನು ಕೊರಳಿಂದ ತೆಗೆದವನಲ್ಲ. ಆಗಾಗ ಎತ್ತಿ, ಕಣ್ಣಿಗೆ ಹಿಡಿದು, "ಓಹೋ, ಟೈರು ಹೊಸದು!" ಎಂದು ಬಿಡುತ್ತಿದ್ದ. ಹೊಸದೆಂದು ಅವನಿಗೆ ಬೆಳಿಗ್ಗೆಯೇ ಯಾರೋ ಹೇಳಿರುತ್ತಿದ್ದರು.

ಹೀಗೆ ಎರಡು ಸೀಸನ್ ಕಳೆಯಿತು. ಎರಡನೆಯದರ ಕೊನೆಯಲ್ಲಿ, ಅಕ್ಟೋಬರಿನ ಫೈನಲ್ ದಿನ, ಎಡವಟ್ಟಾಯಿತು.

ಫೈನಲ್‌ನಲ್ಲಿ ಇದ್ದವರು ಲೋವೆಲ್ ಪ್ರುಯಿಟ್ ಮತ್ತು ಮಾರ್ಲಾ ಡೀನ್. ಲೋವೆಲ್ ಊರಿನ ಎಲೆಕ್ಟ್ರಿಷಿಯನ್, ಅವನದು ನೀಲಿ ಬಣ್ಣದ ಹಳೇ ಕಾರು. ಮಾರ್ಲಾ ಕೋಳಿ ಫಾರಂ ನಡೆಸುವವಳು, ಅವಳದು ಹಳದಿ ಪಿಕಪ್. ಲೋವೆಲ್‌ನ ತಾಯಿ ಐಡಾ ಪ್ರತಿ ವರ್ಷ ಫೈನಲ್ ದಿನ ಪರ್ಸಿಮನ್ ಹಣ್ಣಿನ ಪುಡಿಂಗ್ ಮಾಡಿ ಒಂದು ತಟ್ಟೆ ಟವರಿಗೆ ಕಳಿಸುತ್ತಿದ್ದಳು. ಕಪ್ಪಗೆ, ಮೆತ್ತಗೆ, ಹಲ್ವದ ಹಾಗಿರುವ ಆ ಪುಡಿಂಗಿಗೆ ಆ ಸೀಮೆಯ ಜನ ಪ್ರಾಣ ಬಿಡುತ್ತಾರೆ. ಲೊರೀನ್ ಆರ್ವಲ್‌ನ ಕಿವಿಯಲ್ಲಿ "ಎಡಕ್ಕೆ ಲೋವೆಲ್, ಬಲಕ್ಕೆ ಮಾರ್ಲಾ" ಎಂದು ಹೇಳಿ, ಇನ್ನು ಎರಡು ನಿಮಿಷ ಪುರುಸೊತ್ತಿದೆ ಎಂದು ದೊಡ್ಡದೊಂದು ತುಂಡು ಬಾಯಿಗಿಟ್ಟಳು. ಅಷ್ಟರಲ್ಲಿ ಕೆಳಗೆ ಲೇನಿಗಾಗಿ ನಾಣ್ಯ ಚಿಮ್ಮಿದರು, ಮಾರ್ಲಾ ಗೆದ್ದು ಎಡ ಲೇನು ಕೇಳಿದಳು, ಗಾಡಿಗಳು ಅದಲುಬದಲಾದವು. ಲೊರೀನ್ ಅದನ್ನು ನೋಡಿದಳು. ಹೇಳಬೇಕು ಎನ್ನುವಷ್ಟರಲ್ಲಿ ಪುಡಿಂಗ್ ಅಂಗುಳಿಗೆ ಮೆತ್ತಿಕೊಂಡು ನಾಲಿಗೆಯೇ ಹೊರಳಲಿಲ್ಲ. ದೀಪ ಬಿತ್ತು. ಆರು ಸೆಕೆಂಡು. ಟೈಮು ತೋರಿಸುವ ಪರದೆಯ ಮೇಲೆ ಎಡ ಲೇನು ಗೆದ್ದಿತೆಂದು ಬಂತು. ಎರಡು ವರ್ಷದ ಅಭ್ಯಾಸ, ಬೆರಳು ತನ್ನಷ್ಟಕ್ಕೆ ಒಂದು ಸಲ ತಟ್ಟಿತು.

"ಸೋತು ಬರ್ತಾ ಇರೋದು," ಎಂದ ಆರ್ವಲ್, "ನಮ್ಮ ಮಾರ್ಲಾ ಡೀನ್..."

ಸೋತವರ ಹೆಸರು ಮೊದಲು ಎಂದು ಊರಿಗೆಲ್ಲ ಗೊತ್ತಿತ್ತಲ್ಲ, ಮಾರ್ಲಾ ಎಂಬ ಹೆಸರು ಕಿವಿಗೆ ಬಿದ್ದದ್ದೇ ತಡ, ಪ್ರುಯಿಟ್ ಮನೆಯವರು ದೂರದ ದೀಪದ ಕಡೆ ನೋಡದೆ ಕುಣಿದು ಕುಪ್ಪಳಿಸಿಬಿಟ್ಟರು. ಐಡಾ ಐಸ್ ಪೆಟ್ಟಿಗೆಯ ಮೇಲೆ ಹತ್ತಿ ಕೈ ಬೀಸಿದಳು, ಪೆಟ್ಟಿಗೆ ಜಾರಿ ಕಾಲು ಉಳುಕಿಸಿಕೊಂಡಳು, ಉಳುಕಿದ ಕಾಲಲ್ಲೇ ಕುಂಟುತ್ತಾ ಓಡಿದಳು. ಕಿವಿಗೆ ಮುಚ್ಚಿಗೆ ಹಾಕಿದ್ದ ಲೊರೀನ್‌ಗೆ ಅವನು ಕೂಗಿದ್ದು ಕೇಳಿರಲಿಲ್ಲ. ಪುಡಿಂಗ್ ನುಂಗಿ, ಕೆಳಗಿನ ಕುಣಿತ ಕಂಡು, ಆರ್ವಲ್‌ನ ಕಿವಿಯಲ್ಲಿ ತಪ್ಪಾಯಿತೆಂದು ಕಿರುಚಿದಾಗ ಐದು ನಿಮಿಷ ಕಳೆದಿತ್ತು. ಅಷ್ಟು ಹೊತ್ತಿಗೆ ಲೋವೆಲ್ ಓಟದ ಟೈಮು ಅಚ್ಚಾಗಿದ್ದ ಸೋಲಿನ ಚೀಟಿಯನ್ನು ಕೈಯಲ್ಲಿ ಹಿಡಿದುಕೊಂಡು, ತನ್ನನ್ನು ಹೊತ್ತು ಕುಣಿಯಲು ನಿಂತಿದ್ದ ಮನೆಯವರ ಎದುರಿಗೆ ಬಂದು ನಿಂತಿದ್ದ.

"ತಡೀರಿ, ತಡೀರಿ," ಎಂದಿತು ಮೈಕು. "ಗೆದ್ದಿದ್ದು ಮಾರ್ಲಾ. ನಾಲಿಗೆ ನಂದು, ತಪ್ಪೂ ನಂದು. ಲೋವೆಲ್, ನನ್ನ ಕ್ಷಮಿಸಪ್ಪ."

ಮನೆಗೆ ಹೋಗುವಾಗ ಕಾರಿನಲ್ಲಿ ಲೊರೀನ್ ಅತ್ತಳು. ಆರ್ವಲ್ ಕರ್ಚೀಫನ್ನು ಅವಳ ಕಡೆ ಚಾಚಿ, "ಪುಡಿಂಗ್ ಹೇಗಿತ್ತು?" ಎಂದ.

"ಈ ಹೊತ್ತಲ್ಲೂ ತಮಾಷೆನಾ ನಿಂಗೆ?"

"ತಮಾಷೆ ಅಲ್ಲ. ನಂಗೆ ಒಂದು ಚೂರೂ ಉಳಿಸಿಲ್ಲ ನೀನು."

ಅವಳಿಗೆ ಅಳುವಿನ ನಡುವೆಯೇ ನಗು ಬಂತು. ಆದರೆ ಅಂದಿನಿಂದ ಆ ಪುಡಿಂಗನ್ನು ಅವಳು ಮುಟ್ಟಲಿಲ್ಲ. ತಪ್ಪು ತನ್ನದೆಂದು ಪ್ರುಯಿಟ್ ಮನೆಯವರಿಗೆ ಹೇಳಲೂ ಇಲ್ಲ. ಹೇಳಬೇಕಾದರೆ ಕಣ್ಣಿನ ವಿಷಯವೂ ಹೇಳಬೇಕಿತ್ತಲ್ಲ. ಮುಂದಿನ ಎರಡು ಸೀಸನ್ನುಗಳಲ್ಲಿ ಒಂದು ಹೆಸರೂ ತಪ್ಪಲಿಲ್ಲ. ತಾನು ಅಷ್ಟು ಎಚ್ಚರದಿಂದ ಇದ್ದದ್ದರಿಂದಲೇ ಹಾಗೆಂದು ಅವಳು ಅಂದುಕೊಂಡಿದ್ದಳು.

ಫೆಬ್ರವರಿಯಲ್ಲಿ ಆಸ್ಪತ್ರೆಯ ಹಾಸಿಗೆಯ ಪಕ್ಕ ಕೂತು ಅವಳು ಅವನಿಗೆ ಕೊನೆಯದಾಗಿ ಹೇಳಿದ್ದು ಅದನ್ನೇ: "ನೀನು ನಿಶ್ಚಿಂತೆಯಾಗಿರು. ಯಾರಿಗೂ ಗೊತ್ತಿಲ್ಲ, ಯಾರಿಗೂ ಹೇಳಲ್ಲ." ಅದಕ್ಕೆ ಆರ್ವಲ್ ನಗಲು ಶುರು ಮಾಡಿದ. ನಕ್ಕು ನಕ್ಕು ಕೆಮ್ಮು ಹತ್ತಿ ನರ್ಸು ಓಡಿಬಂದಳು. ಇದರಲ್ಲಿ ನಗುವಂಥದ್ದೇನಿತ್ತು ಎಂದು ಲೊರೀನ್‌ಗೆ ಅರ್ಥವೇ ಆಗಲಿಲ್ಲ.

ಶನಿವಾರ ಬಿಸಿಲು ಚೆನ್ನಾಗಿತ್ತು. ಟವರಿನ ಕೆಳಗೆ ಒಂದು ಮೇಜು, ಅದರ ಮೇಲೆ ಬಟ್ಟೆ ಮುಚ್ಚಿದ ಪೆಟ್ಟಿಗೆ. ಬೆಂಚುಗಳ ಮೇಲೆ, ಪಿಕಪ್ ಗಾಡಿಗಳ ಮೇಲೆ, ತಂತಿಬೇಲಿಯ ಉದ್ದಕ್ಕೂ ಜನ. ಟ್ರ್ಯಾಕಿನ ತಲೆಯಲ್ಲಿ ಸೀಸನ್ನಿನ ಮೊದಲ ಜೋಡಿಯಾಗಿ ಲೋವೆಲ್‌ನ ನೀಲಿ ಕಾರು ಎಡಕ್ಕೆ, ಮಾರ್ಲಾಳ ಹಳದಿ ಪಿಕಪ್ ಬಲಕ್ಕೆ ನಿಂತಿದ್ದವು. ಎಮೆಟ್ ಬೆಳಿಗ್ಗೆಯಿಂದ ಅಭ್ಯಾಸದ ಓಟಗಳಿಗೆ ತಾನೇ ಮೈಕಿನಲ್ಲಿ ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡಿದ್ದ. ದನ ಹರಾಜು ಹಾಕುವವನ ಹಾಗೆ ಕೂಗ್ತಾನೆ ಎಂದು ಜನ ಆಡಿಕೊಳ್ಳುತ್ತಿದ್ದರು.

ಲೊರೀನ್ ಬಟ್ಟೆ ಸರಿಸಿದಳು. ಚಪ್ಪಾಳೆ ಬಿತ್ತು. ಎಮೆಟ್ ಮೈಕನ್ನು ಅವಳ ಕೈಗೆ ತುರುಕಿದ.

"ಏನನ್ನೂ..." ಎಂದು ಶುರು ಮಾಡಿದಳು. ತನ್ನ ದನಿ ಹೊಲದ ಆಚೆಗೆ ಹೋಗಿ ವಾಪಸ್ ಬಂದದ್ದು ಕೇಳಿ ತಡೆದು, ಮತ್ತೆ ಮೊದಲಿಂದ ಓದಿದಳು. "ಏನನ್ನೂ ಕಾಣದೆ ಬಿಡದ..." ಆ ಪುಡಿಂಗಿನ ದಿನದ ಹಾಗೆಯೇ ನಾಲಿಗೆ ಹೊರಳಲಿಲ್ಲ, ಇವತ್ತು ಬಾಯಿ ಖಾಲಿಯಿತ್ತು ಅಷ್ಟೇ.

ಮುಂದಿನ ಸಾಲಿನಲ್ಲಿ ಐಡಾ ಕೂತಿದ್ದಳು, ಆರ್ವಲ್‌ಗೆ ಭಾನುವಾರ ಊಟ ಕಳಿಸುತ್ತಿದ್ದವಳು. ಇವಳ ಕಣ್ಣನ್ನು ನೋಡಿಕೊಂಡು ಸುಳ್ಳು ಓದುವುದು ತನ್ನಿಂದಾಗುವುದಿಲ್ಲ ಎಂದು ಲೊರೀನ್‌ಗೆ ಖಚಿತವಾಯಿತು.

"ಇದು ಸುಳ್ಳು," ಎಂದಳು. "ಆರ್ವಲ್‌ಗೆ ಕಾಣ್ತಿರ್ಲಿಲ್ಲ. ನಾಲ್ಕು ವರ್ಷದಿಂದ ಕಾಣ್ತಿರ್ಲಿಲ್ಲ. ನಾನು ಮೊಣಕೈ ತಟ್ಟಿ ಹೇಳ್ತಿದ್ದೆ, ಅವನು ಕೂಗ್ತಿದ್ದ. ಅವತ್ತು ಫೈನಲ್‌ನಲ್ಲಿ ತಪ್ಪು ಅವನದಲ್ಲ. ಲೇನ್ ಬದಲಾಯ್ತು ಅಂತ ನಾನು ಹೇಳ್ಬೇಕಿತ್ತು. ನನ್ನ ಬಾಯಲ್ಲಿ... ನನ್ನ ಬಾಯಲ್ಲಿ ಪುಡಿಂಗ್ ಇತ್ತು. ಲೋವೆಲ್, ಐಡಾ, ನನ್ನ ಕ್ಷಮಿಸಿಬಿಡಿ. ಬೈಯೋದಿದ್ರೆ ನನ್ನ ಬೈರಿ. ಅವನನ್ನ ಬೈಬೇಡಿ."

ತಂತಿಬೇಲಿಯ ಮೇಲೆ ಒಂದು ಹಕ್ಕಿ ಕೂಗುತ್ತಿದ್ದುದು ಮೈಕಿನಲ್ಲಿ ಕೇಳುತ್ತಿತ್ತು. ಲೊರೀನ್, ಆರ್ವಲ್‌ನ ಹೆಸರನ್ನು ಮಣ್ಣುಪಾಲು ಮಾಡಿಬಿಟ್ಟೆ ಎಂದುಕೊಂಡಳು.

ಆಗ ಟ್ರ್ಯಾಕಿನ ತಲೆಯಲ್ಲಿ ನೀಲಿ ಕಾರಿನ ಎಂಜಿನ್ ಎದ್ದಿತು. ಲೋವೆಲ್ ನಿಂತಲ್ಲೇ ಒಂದು ಸಲ ಗುರ್ರೆನಿಸಿ ಬಿಟ್ಟ. ಅದು ಅಡಗಿದ ಮೇಲೆ ಬಲಗಡೆಯ ಹಳದಿ ಪಿಕಪ್. ಗುರ್ರ್, ಗುರ್ರ್. ಎರಡು ಸಲ.

ಟೈಮಿಂಗ್ ಮೇಜಿನಲ್ಲಿ ಕೂರುವಾಗ ಲೊರೀನ್ ಕಿವಿಗೆ ದಪ್ಪನೆಯ ಮುಚ್ಚಿಗೆ ಹಾಕಿಕೊಂಡು ಪರದೆ ನೋಡುತ್ತಿದ್ದವಳು. ಗುರುಗುಟ್ಟುವುದು ಆ ಮಂದಿಯ ಹುಟ್ಟುಗುಣ ಎಂದುಕೊಂಡು, ಎಷ್ಟು ಸಲವೆಂದು ಎಂದೂ ಎಣಿಸಿದವಳಲ್ಲ. ಇವತ್ತು ಕಿವಿ ಬರಿದಾಗಿತ್ತು. ಲೇನಿನ ಹಿಂದೆ ಸಾಲಾಗಿ ನಿಂತಿದ್ದ ಗಾಡಿಗಳೂ ಶುರು ಮಾಡಿದವು. ಎಡ ಸಾಲಿನವರು ಒಂದು, ಬಲ ಸಾಲಿನವರು ಎರಡು. ಒಂದು, ಎರಡು. ಒಂದು, ಎರಡು. ಮೈಕು ಹಿಡಿದ ಕೈಯ ಬೆರಳು ಅವಳಿಗೆ ತಿಳಿಯದ ಹಾಗೆ ಅದೇ ಲೆಕ್ಕಕ್ಕೆ ತಟ್ಟತೊಡಗಿತು.

ಲೋವೆಲ್ ಎಂಜಿನ್ ಆರಿಸಿ, ಹೆಲ್ಮೆಟ್ ಕಂಕುಳಲ್ಲಿ ಇಟ್ಟುಕೊಂಡು ಬಂದ. ನಲವತ್ತು ದಾಟಿದ ಗಂಡಸು, ಬಸ್ಸಿನಲ್ಲಿ ತಪ್ಪು ಮಾಡಿ ಸಿಕ್ಕಿಬಿದ್ದವನ ಮುಖ ಮಾಡಿಕೊಂಡಿದ್ದ.

"ಮಿಸ್ ಲೊರೀನ್, ನಮಗೆಲ್ಲ ಗೊತ್ತಿತ್ತು."

"ಏನು ಗೊತ್ತಿತ್ತು?"

"ಕಣ್ಣು. ನೀಲಿ ಕಾರು ಯಾವುದು, ಹಳದಿ ಪಿಕಪ್ ಯಾವುದು ಅಂತ ಬೈನಾಕ್ಯುಲರ್ ಹಾಕ್ಕೊಂಡೋರಿಗೆ ತಿಳೀದೆ ಹೋಗತ್ತಾ? ನಾಲಿಗೆ ಜಾರ್ತಂತೆ! ಬಸ್ಸಿನ ಕೀಲಿ ಕೊಟ್ಟಾಗ ಮಂಡಿನೋವು ಅಂದೋರು ಟವರ್ ಮೆಟ್ಲು ಇಪ್ಪತ್ತೆಂಟನ್ನ ಹುಡುಗನ ಥರ ಹತ್ತೋರು. ಆ ಫೈನಲ್ ದಿನ ಸಂಜೆನೇ ನಾವೆಲ್ಲ ಸೇರಿ ಮಾತಾಡ್ಕೊಂಡ್ವಿ."

"ನೀವು ಅವರ ಮೊಣಕೈ ತಟ್ಟೋದನ್ನ ನಾನು ಒಂದಿನ ಮೇಲೆ ಬಂದಾಗ ನೋಡಿದ್ದೆ," ಎಂದಳು ಮಾರ್ಲಾ, ಅವನ ಹಿಂದೆಯೇ ಬಂದು. "ಎಡಕ್ಕೆ ಒಂದು, ಬಲಕ್ಕೆ ಎರಡು. ಅದನ್ನೇ ಕದ್ವಿ. ಹೊರಡೋ ಮುಂಚೆ ಪ್ರತಿಯೊಬ್ರೂ ಹಾಗೇ ಗುರ್ ಅನ್ಸೋದು ಅಂತ. ಯಾವ ಲೇನಲ್ಲಿ ಯಾರು ಅಂತ ಅವರಿಗೆ ತಪ್ಪಬಾರ್ದು ಅಂತ. ಈಗ ಹೊರಗಿಂದ ಬರೋರೂ ಮಾಡ್ತಾರೆ. ಇದು ಈ ಟ್ರ್ಯಾಕಿನ ರೂಲು ಅಂದ್ಕೊಂಡಿದ್ದಾರೆ ಪಾಪ."

ಲೊರೀನ್ ಮೈಕು ಆನ್ ಇರುವುದನ್ನೇ ಮರೆತಿದ್ದಳು. ಇಡೀ ಮೈದಾನ ಕೇಳಿಸಿಕೊಳ್ಳುತ್ತಿತ್ತು.

"ಆರ್ವಲ್‌ಗೆ?" ಎಂದಳು. "ನಿಮಗೆ ಗೊತ್ತು ಅಂತ ಆರ್ವಲ್‌ಗೆ ಗೊತ್ತಿತ್ತಾ?"

"ನಾವು ಗುರ್ ಅನ್ಸಿದ ಮೊದಲ್ನೇ ಶನಿವಾರವೇ ಕೆಳಗಿಳಿದು ಬಂದ್ರು," ಎಂದ ಲೋವೆಲ್. "ಯಾರಪ್ಪ ಇದನ್ನ ಕಂಡುಹಿಡಿದಿದ್ದು, ಚೆನ್ನಾಗಿದೆ, ಮುಂದುವರಿಸಿ ಅಂದ್ರು. ಆಮೇಲೆ ಒಬ್ಬೊಬ್ರನ್ನೇ ಹಿಡ್ಕೊಂಡು ಹೇಳಿದ್ರು, 'ಲೊರೀನ್‌ಗೆ ಮಾತ್ರ ಹೇಳ್ಬೇಡಿ. ಪಾಪ, ಈ ಗುಟ್ಟನ್ನ ತುಂಬಾ ಕಷ್ಟಪಟ್ಟು ಕಾಪಾಡ್ತಿದ್ದಾಳೆ. ಅವಳ ಕೆಲಸ ಕೆಡಿಸ್ಬೇಡಿ.'"

ಆಸ್ಪತ್ರೆಯ ಆ ನಗು ಲೊರೀನ್‌ಗೆ ಈಗ ಅರ್ಥವಾಯಿತು. ಯಾರಿಗೂ ಗೊತ್ತಿಲ್ಲ ಎಂದು ಅವಳು ಅಷ್ಟು ಗಂಭೀರವಾಗಿ ಹೇಳಿದ್ದಳು! ಕೆಮ್ಮು ಬರದೆ ಇನ್ನೇನು ಬಂದೀತು ಆ ಮುದುಕನಿಗೆ.

ಅವಳು ಎಮೆಟ್ ಕಡೆ ತಿರುಗಿದಳು. "ನಿಂಗೂ ಗೊತ್ತಿತ್ತಾ?"

ಎಮೆಟ್ ಟೋಪಿ ತೆಗೆದು ತಲೆ ಕೆರೆದುಕೊಂಡ. "ಊರಿಗೆಲ್ಲ ಗೊತ್ತಿದ್ದಿದ್ದು ನಂಗೆ ಗೊತ್ತಿರಲ್ವಾ?"

"ಮತ್ತೆ ಈ ಫಲಕ?"

"ನಿಂಗೆ ಅನುಮಾನ ಬರಬಾರ್ದು ಅಂತ ಕಣೇ ಹಾಗೆ ಬರೆಸಿದ್ದು! ಆರ್ವಲ್‌ಗೆ ಮಾತು ಕೊಟ್ಟಿದ್ದೆ. ನೀನು ಓದಿ ಕೆಳಗಿಳಿದಿದ್ರೆ ಮುಗೀತಿತ್ತು."

ಮೊದಲು ಯಾರು ನಕ್ಕರೋ ಗೊತ್ತಿಲ್ಲ. ಬೆಂಚುಗಳ ಮೇಲಿಂದ ನಗು ಎದ್ದು ತಂತಿಬೇಲಿಯವರೆಗೂ ಹೋಯಿತು. ಅದರ ನಡುವೆ ಐಡಾಳ ದನಿ ಎಲ್ಲರದಕ್ಕಿಂತ ಮೇಲೆ ಕೇಳಿತು. "ಅಂದ್ರೆ ನನ್ನ ಮಗನ್ನ ಐದು ನಿಮಿಷ ಚಾಂಪಿಯನ್ ಮಾಡಿದ್ದು ನನ್ನ ಪುಡಿಂಗೇನಾ? ಅದಕ್ಕೇನೇ ಲೊರೀನ್, ಆಮೇಲೆ ತಟ್ಟೆ ಹಾಗ್ಹಾಗೇ ವಾಪಸ್ ಬರ್ತಿದ್ದಿದ್ದು? ನಾನು ಸಕ್ಕರೆ ಕಮ್ಮಿ ಆಗಿದೆ ಅಂತ ಎರಡು ವರ್ಷದಿಂದ ಜಾಸ್ತಿ ಹಾಕ್ತಾ ಇದ್ದೀನಲ್ಲೇ!"

ಲೊರೀನ್ ಪೆಟ್ಟಿಗೆಯ ಅಂಚು ಹಿಡಿದುಕೊಂಡು ನಿಂತಳು. ನಗುತ್ತಿದ್ದಳು, ಕಣ್ಣಲ್ಲಿ ನೀರೂ ಸುರಿಯುತ್ತಿತ್ತು. ನಾಲ್ಕು ವರ್ಷ ಒಬ್ಬಳೇ ಹೊತ್ತಿದ್ದೇನೆ ಎಂದುಕೊಂಡಿದ್ದ ಹೊರೆಗೆ ಇಡೀ ಊರೇ ಹೆಗಲು ಕೊಟ್ಟಿತ್ತು. ಅದನ್ನು ಅವಳಿಗೆ ಮಾತ್ರ ಯಾರೂ ಹೇಳಿರಲಿಲ್ಲ. ಸಿಟ್ಟು ಬರಬೇಕಿತ್ತೇನೋ, ಬರಲಿಲ್ಲ. ಉಸಿರು ಹೊಟ್ಟೆಯ ತಳದವರೆಗೂ ಇಳಿದು ಆರಾಮಾಗಿ ಹೊರಗೆ ಬಂತು. ಎಷ್ಟು ದಿನವಾಗಿತ್ತು ಹಾಗೆ ಉಸಿರಾಡಿ!

"ಈ ಫಲಕ ಏನ್ಮಾಡೋದೀಗ?" ಎಂದ ಎಮೆಟ್.

"ಇರ್ಲಿ ಬಿಡು," ಎಂದಳು ಲೊರೀನ್ ಮೂಗು ಒರೆಸಿಕೊಳ್ಳುತ್ತಾ. "ಅವನು ಏನನ್ನ ಕಾಣದೆ ಬಿಟ್ಟಿದ್ದಾನೆ ಹೇಳು."

ಎಮೆಟ್ ಮೈಕಿಗೆ ಕೈ ಚಾಚಿದ. ಬೆಂಚುಗಳಿಂದ ಕೂಗು ಬಂತು: "ಬೇಡಪ್ಪ ಬೇಡ! ದನ ಹರಾಜು ಮುಗೀತು! ಮಿಸ್ ಲೊರೀನೇ ಕೂಗ್ಲಿ!" ಎಮೆಟ್ ಬದುಕಿದೆಯಾ ಬಡಜೀವವೇ ಎನ್ನುವಂತೆ ಕೈ ಹಿಂದೆಗೆದುಕೊಂಡ. ಅವನ ಗಂಟಲಿಗೂ ಅದೇ ಬೇಕಾಗಿತ್ತು.

ಲೊರೀನ್ ಇಪ್ಪತ್ತೆಂಟು ಮೆಟ್ಟಿಲು ಹತ್ತಿದಳು. ಟೈಮಿಂಗ್ ಮೇಜಿಗೆ ಎಮೆಟ್‌ನ ಹೆಂಡತಿಯನ್ನು ಕೂರಿಸಿ, ತಾನು ಆರ್ವಲ್‌ನ ಕುರ್ಚಿಯಲ್ಲಿ ಕೂತಳು. ಕಿವಿಗೆ ಮುಚ್ಚಿಗೆ ಹಾಕಿಕೊಳ್ಳಲಿಲ್ಲ. ಕೆಳಗೆ ಲೋವೆಲ್ ಮತ್ತು ಮಾರ್ಲಾ ಮತ್ತೆ ಗಾಡಿಯೊಳಗೆ ಸೇರಿಕೊಂಡಿದ್ದರು. ಟ್ರ್ಯಾಕ್ ಎದುರಿಗೇ ಇದ್ದರೂ ಅವಳು ಕಣ್ಣು ಮುಚ್ಚಿದಳು. ಎಡದಿಂದ ಒಂದು. ಬಲದಿಂದ ಎರಡು. ಆಮೇಲೆ ಎರಡೂ ಎಂಜಿನ್ನುಗಳು ಒಟ್ಟಿಗೆ ಚೀರಿ ದೂರವಾದವು. ಕಣ್ಣು ತೆರೆದು ದೀಪ ನೋಡಿದಳು. ಬಲ ಲೇನು. ಮೈಕು ಒತ್ತಿದಳು.

"ಸೋತು ಬರ್ತಾ ಇರೋದು ಲೋವೆಲ್ ಪ್ರುಯಿಟ್," ಎಂದಳು. "ಬಸ್ಸಲ್ಲಿ ಒಂಬತ್ತನೇ ಸೀಟು. ನಮ್ಮನೆ ಫ್ಯೂಸ್ ಹೋದಾಗ ಭಾನುವಾರವೂ ಬರೋನು. ಗುಟ್ಟು ಹೇಳಿದ್ರೆ ಬಾಯಿ ಬಿಡೋನಲ್ಲ. ನಿಧಾನಕ್ಕೆ ಬಾರಪ್ಪ, ಅವಸರ ಇಲ್ಲ. ಗೆದ್ದಿದ್ದು ಮಾರ್ಲಾ ಡೀನ್. ಈ ಸಲ ಸರಿಯಾಗೇ ನೋಡಿದ್ದೀನಿ."

ಪಕ್ಕದ ದಾರಿಯಲ್ಲಿ ಒಂಟಿಯಾಗಿ ವಾಪಸ್ ಬರುತ್ತಿದ್ದ ನೀಲಿ ಕಾರಿನ ಕಿಟಕಿಯಿಂದ ಒಂದು ಕೈ ಹೊರಗೆ ಬಂದು ಬೀಸಿತು.

ಸ್ವಲ್ಪ ಹೊತ್ತಿಗೆ ಐಡಾ ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಬಂದಳು. ಕೈಯಲ್ಲಿ ತಟ್ಟೆ. ಶರತ್ಕಾಲದ ಹಣ್ಣಿನ ತಿರುಳನ್ನು ಫ್ರೀಜರಿನಲ್ಲಿ ಇಟ್ಟುಕೊಂಡು, ಇವತ್ತಿಗೆಂದೇ ಮಾಡಿದ ಪುಡಿಂಗ್. "ಸಕ್ಕರೆ ನೋಡಿ ಹೇಳು," ಎಂದು ಮೇಜಿನ ಮೇಲೆ ಕುಕ್ಕಿ, ಸೊಂಟದ ಮೇಲೆ ಕೈಯಿಟ್ಟು ನಿಂತಳು.

ಲೊರೀನ್ ಒಂದು ತುಂಡು ಮುರಿದು ಬಾಯಿಗಿಟ್ಟಳು. ಸಕ್ಕರೆ ನಿಜಕ್ಕೂ ಜಾಸ್ತಿಯಾಗಿತ್ತು. ಕೆಳಗೆ ಮುಂದಿನ ಜೋಡಿ ಬಂದು ನಿಂತಿತ್ತು, ಎಡದವನು ಒಂದು ಸಲ, ಬಲದವನು ಎರಡು ಸಲ ಗುರ್ರೆನಿಸಿ ಕಾಯುತ್ತಿದ್ದರು. ಸ್ವಲ್ಪ ತಡೀರಿ ಎಂದು ಅವಳು ಕಿಟಕಿಯಿಂದ ಕೈ ಸನ್ನೆ ಮಾಡಿದಳು. ಕೆಳಗಿನವರು ತಲೆಯೆತ್ತಿ ನೋಡಿದರು, ಸಂಗತಿ ತಿಳಿದು ನಕ್ಕರು, ಎಂಜಿನ್ನಿನ ಸದ್ದು ತಗ್ಗಿಸಿದರು. ಅವಳು ನಿಧಾನವಾಗಿ ಅಗಿದು, ಪೂರ್ತಿ ನುಂಗಿ, ಒಂದು ಗುಟುಕು ಚಹಾ ಕುಡಿದು, ಆಮೇಲೆ ಅವರ ಹೆಸರು ಕೂಗಿದಳು.